ಪ್ರಾದೇಶಿಕ ಮತ್ತು ಸ್ಥಳೀಯ ಅರ್ಥಶಾಸ್ತ್ರದ ಬೋಧನೆ: ಚಿಗಟೇರಿ ಸೀಮೆಯ ನಿದರ್ಶನ

ಜಮೀನು, ದುಡಿಮೆ, ಬಂಡವಾಳ, ವ್ಯಾಪಾರ ಇವು ಒಂದು ನಾಡಿನ ಎಲ್ಲ ಕಡೆಯೂ ಸಮನಾಗಿ ಹಂಚಿಹೋಗಿರುವುದಿಲ್ಲ. ಕೆಲವು ಊರುಗಳು ಪೇಟೆಗಳಾಗಿ ಬೆಳೆಯುತ್ತವೆ. ಕೆಲವು ಊರುಗಳಿಂದ ಜನ ವರ್ಷವರ್ಷವೂ ಗುಳೆ ಹೋಗುತ್ತಾರೆ. ಈ ವ್ಯತ್ಯಾಸದ ಕಾರಣಗಳನ್ನು ಹುಡುಕುವ ಅರ್ಥಶಾಸ್ತ್ರದ ಶಾಖೆಯೇ ಪ್ರಾದೇಶಿಕ ಅರ್ಥಶಾಸ್ತ್ರ. ಅದೇ ಪ್ರಶ್ನೆಗಳನ್ನು ತಾಲ್ಲೂಕು, ಹೋಬಳಿ, ಗ್ರಾಮ ಪಂಚಾಯಿತಿಗಳ ಮಟ್ಟಕ್ಕೆ ತಂದು ಅಲ್ಲಿಯ ಸಂತೆ, ನೀರು, ಕೂಲಿ, ಸಾಲ, ಪಂಚಾಯಿತಿ ವರಮಾನಗಳನ್ನು ಪರಿಶೀಲಿಸಿದರೆ ಅದು ಸ್ಥಳೀಯ ಅರ್ಥಶಾಸ್ತ್ರ. ಕರ್ನಾಟಕದ ವಿಶ್ವವಿದ್ಯಾಲಯಗಳ ಪದವಿ ಮತ್ತು ಸ್ನಾತಕೋತ್ತರ ತರಗತಿಗಳಲ್ಲಿ ಈ ವಿಷಯ ಹೆಚ್ಚಾಗಿ ‘ಕರ್ನಾಟಕದ ಆರ್ಥಿಕತೆ’ ಎಂಬ ಪತ್ರಿಕೆಯ ಒಂದು ಘಟಕವಾಗಿ ಬರುತ್ತದೆ. ಅಲ್ಲಿ ಪ್ರದೇಶವೆಂದರೆ ಸಾಮಾನ್ಯವಾಗಿ ಕಂದಾಯ ವಿಭಾಗ ಅಥವಾ ಜಿಲ್ಲೆ. ವಿಜಯನಗರ ಜಿಲ್ಲೆಯ ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿ ಹೋಬಳಿ ಮತ್ತು ಅದರ ಸುತ್ತಲಿನ ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ತಾಲ್ಲೂಕುಗಳ ಅನುಭವವನ್ನು ನೋಡಿದರೆ ಈ ಕ್ರಮ ಸಾಲದೆಂಬುದು ಗೊತ್ತಾಗುತ್ತದೆ. ಒಂದು ಪ್ರದೇಶ ಯಾವುದು, ಅದು ಎಲ್ಲಿಯವರೆಗೆ ಹರಡಿದೆ ಎಂಬುದನ್ನು ಸರಕು, ಕೂಲಿ, ನೀರು, ಹಣ ಎಲ್ಲಿಂದ ಎಲ್ಲಿಗೆ ಹರಿಯುತ್ತವೆ ಎಂದು ಅಳೆದೇ ತಿಳಿಯಬೇಕು. ಆದ್ದರಿಂದ ಈ ವಿಷಯದ ಬೋಧನೆ ವಿದ್ಯಾರ್ಥಿಯ ಸ್ವಂತ ಸೀಮೆಯ ಹರಿವುಗಳಿಂದ ಶುರುವಾಗಿ ಸಿದ್ಧಾಂತದ ಕಡೆಗೆ ಸಾಗಬೇಕು ಎಂಬುದು ಈ ಲೇಖನದ ವಾದ.

ಸಿದ್ಧಾಂತಗಳ ಹುಟ್ಟು

ಪ್ರಾದೇಶಿಕ ಅರ್ಥಶಾಸ್ತ್ರದ ಮುಖ್ಯ ಸಿದ್ಧಾಂತಗಳ ಇತಿಹಾಸವೇ ಈ ವಾದಕ್ಕೆ ಮೊದಲ ಸಾಕ್ಷಿ. ಜರ್ಮನಿಯ ಯೋಹಾನ್ ಹೈನ್ರಿಖ್ ಫಾನ್ ತ್ಯೂನೆನ್ 1826ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಪೇಟೆಯಿಂದ ಇರುವ ದೂರಕ್ಕೆ ತಕ್ಕಂತೆ ಬೆಳೆಗಳು ವರ್ತುಲ ವರ್ತುಲವಾಗಿ ಹಂಚಿಹೋಗುತ್ತವೆ ಎಂದು ತೋರಿಸಿದ. ಆ ಲೆಕ್ಕಾಚಾರಕ್ಕೆ ಆಧಾರವಾದದ್ದು ಮೆಕ್ಲೆನ್‌ಬುರ್ಗ್ ಪ್ರಾಂತದ ಟೆಲ್ಲೋ ಎಂಬಲ್ಲಿದ್ದ ಅವನದೇ ಜಮೀನಿನ ಖರ್ಚುವೆಚ್ಚದ ಪುಸ್ತಕಗಳು. ಇಂಗ್ಲೆಂಡಿನ ಆಲ್ಫ್ರೆಡ್ ಮಾರ್ಷಲ್ 1890ರಲ್ಲಿ, ಒಂದೇ ಕಸುಬಿನವರು ಒಂದೇ ಕಡೆ ಸೇರಿದಾಗ ಎಲ್ಲರಿಗೂ ಆಗುವ ಲಾಭವನ್ನು ವಿವರಿಸುವಾಗ ಅವನ ಕಣ್ಣೆದುರಿಗೆ ಇದ್ದದ್ದು ಷೆಫೀಲ್ಡ್, ಲಂಕಾಷೈರ್‌ಗಳ ಕೈಗಾರಿಕಾ ಊರುಗಳು. ವಾಲ್ಟರ್ ಕ್ರಿಸ್ಟಾಲರ್ 1933ರಲ್ಲಿ ಮಂಡಿಸಿದ ಕೇಂದ್ರಸ್ಥಳ ಸಿದ್ಧಾಂತ ದಕ್ಷಿಣ ಜರ್ಮನಿಯ ಪಟ್ಟಣಗಳ ಅಧ್ಯಯನದಿಂದ ಹುಟ್ಟಿತು. ಗುನ್ನಾರ್ ಮಿರ್ಡಾಲ್ 1957ರಲ್ಲಿ, ಮುಂದುವರಿದ ಪ್ರದೇಶ ಹಿಂದುಳಿದ ಪ್ರದೇಶದ ಬಂಡವಾಳವನ್ನೂ ದುಡಿಯುವ ವಯಸ್ಸಿನವರನ್ನೂ ತನ್ನೆಡೆಗೆ ಸೆಳೆಯುವುದರಿಂದ ಅಂತರ ತಾನಾಗಿ ಹೆಚ್ಚುತ್ತ ಹೋಗುತ್ತದೆ ಎಂದು ವಾದಿಸಿದ. ಈ ಸೆಳೆತಕ್ಕೆ ಎದುರಾಗಿ ಮುಂದುವರಿದ ಕಡೆಯಿಂದ ಸುತ್ತಲಿಗೆ ಹರಡುವ ಲಾಭವೂ ಉಂಟು, ಆದರೆ ಬಡ ನಾಡುಗಳಲ್ಲಿ ಅದು ದುರ್ಬಲವಾಗಿರುತ್ತದೆ ಎಂಬುದು ಅವನ ಮಾತು. ವಾಲ್ಟರ್ ಐಸಾರ್ಡ್ 1954ರಲ್ಲಿ ಪ್ರಾದೇಶಿಕ ವಿಜ್ಞಾನ ಸಂಘವನ್ನು ಕಟ್ಟಿ ಈ ಅಧ್ಯಯನಕ್ಕೆ ಸಂಸ್ಥೆಯ ರೂಪ ಕೊಟ್ಟ. ಪಾಲ್ ಕ್ರುಗ್ಮನ್ 1991ರ ನಂತರದ ಬರಹಗಳಲ್ಲಿ ಸಾಗಾಣಿಕೆ ವೆಚ್ಚ ಮತ್ತು ದೊಡ್ಡ ಪ್ರಮಾಣದ ಉತ್ಪಾದನೆಯ ಲಾಭಗಳನ್ನು ಜೋಡಿಸಿ ಹಳೆಯ ಪ್ರಶ್ನೆಗಳಿಗೆ ಹೊಸ ಗಣಿತ ಒದಗಿಸಿದ. ಇಂದು ಪಠ್ಯದಲ್ಲಿ ಸಾರ್ವತ್ರಿಕವೆಂದು ಓದುವ ಸಿದ್ಧಾಂತಗಳಲ್ಲಿ ಹಲವು ಹೀಗೆ ಒಂದು ನಿರ್ದಿಷ್ಟ ಸೀಮೆಯನ್ನು ಹತ್ತಿರದಿಂದ ನೋಡಿದವರ ಬರಹಗಳು. ಆ ಸೀಮೆಯನ್ನು ಬಿಟ್ಟು ವ್ಯಾಖ್ಯೆಯನ್ನಷ್ಟೇ ಬಾಯಿಪಾಠ ಮಾಡಿಸಿದರೆ, ಸಿದ್ಧಾಂತವನ್ನು ಕಟ್ಟುವ ಬಗೆ ವಿದ್ಯಾರ್ಥಿಗೆ ತಿಳಿಯುವುದೇ ಇಲ್ಲ.

ದಕ್ಷಿಣ ಭಾರತದಲ್ಲಿ ಬೋಧನೆಯ ಪರಂಪರೆ

ವಿದ್ಯಾರ್ಥಿಗಳನ್ನೇ ತಮ್ಮ ಊರಿನ ಅಧ್ಯಯನಕ್ಕೆ ಹಚ್ಚುವ ಕ್ರಮ ನಮ್ಮಲ್ಲಿ ಹೊಸದೇನಲ್ಲ. 1915ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಭಾರತೀಯ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದ ಗಿಲ್ಬರ್ಟ್ ಸ್ಲೇಟರ್, ಪ್ರಶ್ನಾವಳಿ ಸಿದ್ಧಪಡಿಸಿ ವಿದ್ಯಾರ್ಥಿಗಳಿಗೆ ರಜೆಯಲ್ಲಿ ತಮ್ಮ ಊರುಗಳ ಜಮೀನು, ಬೆಳೆ, ಕೂಲಿ, ಸಾಲಗಳ ವಿವರ ತರುವಂತೆ ಹೇಳಿದರು. ಆ ವರದಿಗಳು 1918ರಲ್ಲಿ ದಕ್ಷಿಣ ಭಾರತದ ಕೆಲವು ಹಳ್ಳಿಗಳನ್ನು ಕುರಿತ ಪುಸ್ತಕವಾಗಿ ಹೊರಬಂದವು. ಅದೇ ಹಳ್ಳಿಗಳನ್ನು 1930ರ ದಶಕದಲ್ಲಿ ಪಿ.ಜೆ. ಥಾಮಸ್ ಮತ್ತು ಕೆ.ಸಿ. ರಾಮಕೃಷ್ಣನ್ ಮತ್ತೆ ಸಮೀಕ್ಷೆ ಮಾಡಿಸಿದರು. ಆಮೇಲಿನ ತಲೆಮಾರುಗಳ ಸಂಶೋಧಕರೂ ಅಲ್ಲಿಗೆ ಮರಳಿದರು. ತರಗತಿಯ ಅಭ್ಯಾಸವಾಗಿ ಶುರುವಾದ ಕೆಲಸ ಹೀಗೆ ಒಂದು ಶತಮಾನದ ಗ್ರಾಮೀಣ ಬದಲಾವಣೆಯನ್ನು ಅಳೆಯುವ ದಾಖಲೆಯಾಯಿತು. ಬಳ್ಳಾರಿ ಜಿಲ್ಲೆ ಆಗ ಮದ್ರಾಸ್ ಪ್ರಾಂತಕ್ಕೇ ಸೇರಿತ್ತೆಂಬುದನ್ನು ನೆನೆದರೆ, ಈ ಪರಂಪರೆಗೆ ಹರಪನಹಳ್ಳಿ, ಕೂಡ್ಲಿಗಿ, ಹಡಗಲಿಗಳೂ ಹಕ್ಕುದಾರರು.

ಮೈಸೂರು ಸೀಮೆಯಲ್ಲಿ ಸ್ಕಾರ್ಲೆಟ್ ಎಪ್‌ಸ್ಟೈನ್ 1954ರಿಂದ 1956ರವರೆಗೆ ಮಂಡ್ಯದ ಬಳಿಯ ಎರಡು ಹಳ್ಳಿಗಳಲ್ಲಿ ನಡೆಸಿದ ಅಧ್ಯಯನ ಸ್ಥಳೀಯ ಅರ್ಥಶಾಸ್ತ್ರದ ಶ್ರೇಷ್ಠ ಮಾದರಿಗಳಲ್ಲೊಂದು. ವಂಗಲ, ದಲೇನ ಎಂಬ ಬದಲಿ ಹೆಸರುಗಳಲ್ಲಿ ಅವರು ಬಣ್ಣಿಸಿದ ಈ ಹಳ್ಳಿಗಳಲ್ಲಿ ಒಂದಕ್ಕೆ ವಿಶ್ವೇಶ್ವರಯ್ಯ ನಾಲೆಯ ನೀರು ಬಂತು, ಇನ್ನೊಂದರ ಜಮೀನು ಖುಷ್ಕಿಯಾಗಿಯೇ ಉಳಿಯಿತು. ನೀರು ಬಂದ ಹಳ್ಳಿ ಕಬ್ಬು ಬೆಳೆದು ಬಲಗೊಂಡರೂ ಅದರ ಸಾಮಾಜಿಕ ವ್ಯವಸ್ಥೆ ಹೆಚ್ಚು ಬದಲಾಗಲಿಲ್ಲ. ಒಣ ಹಳ್ಳಿಯ ಜನ ಮಂಡ್ಯದ ಕಾರ್ಖಾನೆ, ಗುತ್ತಿಗೆ, ವ್ಯಾಪಾರಗಳಿಗೆ ಹೊರಟು ಸುತ್ತಲಿನ ಊರುಗಳ ಆರ್ಥಿಕತೆಗೆ ಹೆಣೆದುಕೊಂಡರು. ಅಲ್ಲಿ ಬದಲಾವಣೆ ಹೆಚ್ಚು ಆಳವಾಗಿತ್ತು. ನೀರಾವರಿ ಬಂದ ಕಡೆ ಎಲ್ಲವೂ ಬದಲಾಗುತ್ತದೆ, ಬಾರದ ಕಡೆ ಏನೂ ಆಗದು ಎಂಬ ನಂಬಿಕೆಯನ್ನು ಈ ಒಂದು ಅಧ್ಯಯನ ತಿದ್ದಿತು. ರಾಜ್ಯಮಟ್ಟದ ಸರಾಸರಿಗಳಲ್ಲಿ ಈ ತಿದ್ದುಪಡಿ ಕಾಣಿಸುವ ಸಾಧ್ಯತೆಯೇ ಇರಲಿಲ್ಲ. ಮುಂದೆ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಕಟ್ಟಿದರು. 1991ರಲ್ಲಿ ಹಂಪಿಯಲ್ಲಿ ಶುರುವಾದ ಕನ್ನಡ ವಿಶ್ವವಿದ್ಯಾಲಯದ ಅಭಿವೃದ್ಧಿ ಅಧ್ಯಯನ ವಿಭಾಗದಲ್ಲಿ ಟಿ.ಆರ್. ಚಂದ್ರಶೇಖರ ಅವರು ಹೈದರಾಬಾದ್ ಕರ್ನಾಟಕದ (ಈಗಿನ ಕಲ್ಯಾಣ ಕರ್ನಾಟಕದ) ಅಸಮಾನತೆಯನ್ನು ಕುರಿತು ದೀರ್ಘಕಾಲ ಕನ್ನಡದಲ್ಲೇ ಬರೆದರು. 2009ರ ದಾವಣಗೆರೆ ವಿಶ್ವವಿದ್ಯಾಲಯ, 2010ರ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಗಳು ಈ ಸೀಮೆಯ ಎರಡು ಬದಿಗೆ ನಿಂತಿವೆ. ಸಂಸ್ಥೆಗಳಿಗೆ ಕೊರತೆಯಿಲ್ಲ, ಅವುಗಳ ತರಗತಿಯಲ್ಲಿ ಸೀಮೆಗೆ ಸಿಗುವ ಜಾಗ ಮಾತ್ರ ಕಡಿಮೆ.

ಬದಲಾದ ಗಡಿಗಳು

ಗಡಿಯನ್ನೇ ಪ್ರದೇಶವೆಂದು ನಂಬಿದರೆ ಏನಾಗುತ್ತದೆಂಬುದಕ್ಕೆ ಚಿಗಟೇರಿ ಸೀಮೆಗಿಂತ ಸ್ಪಷ್ಟವಾದ ಪಾಠ ಸಿಗುವುದು ಕಷ್ಟ. 1800ರಲ್ಲಿ ನಿಜಾಮರು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ದತ್ತ ಮಂಡಲದ ಭಾಗವಾಗಿ ಈ ಪ್ರದೇಶ ಥಾಮಸ್ ಮನ್ರೋನ ಆಡಳಿತಕ್ಕೆ ಬಂತು. ಮುಂದೆ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿದ್ದು, 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಯಾದಾಗ ಹರಪನಹಳ್ಳಿ ತಾಲ್ಲೂಕು ಅದಕ್ಕೆ ಹೋಯಿತು. ಸಂವಿಧಾನದ 98ನೆಯ ತಿದ್ದುಪಡಿಯಿಂದ 2013ರಲ್ಲಿ 371(ಜೆ) ವಿಧಿ ಜಾರಿಗೆ ಬಂದು ಬಳ್ಳಾರಿ ಜಿಲ್ಲೆಗೆ ವಿಶೇಷ ಸ್ಥಾನ ಸಿಕ್ಕಿದಾಗ, ಜಿಲ್ಲೆ ಬದಲಾದ ಒಂದೇ ಕಾರಣಕ್ಕೆ ಹರಪನಹಳ್ಳಿ ಅದರಿಂದ ಹೊರಗುಳಿಯಿತು. ಹೋರಾಟದ ಬಳಿಕ 2018ರಲ್ಲಿ ತಾಲ್ಲೂಕು ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆಯ ಆರು ತಾಲ್ಲೂಕುಗಳಲ್ಲಿ ಒಂದಾಯಿತು. ಈ ನಡುವೆ ಕೂಡ್ಲಿಗಿಯಿಂದ ಬೇರೆಯಾಗಿ ಕೊಟ್ಟೂರು ಹೊಸ ತಾಲ್ಲೂಕಾಯಿತು. ಕಾಲು ಶತಮಾನದಲ್ಲಿ ಜಿಲ್ಲೆಯ ಹೆಸರು ಮೂರು ಬಾರಿ ಬದಲಾದರೂ ಹೊಲಗಳ ಮಣ್ಣು, ಮಳೆ, ರೈತರು ಮಾಲು ಸಾಗಿಸುವ ದಾರಿ ಬದಲಾಗಲಿಲ್ಲ. ಹರಪನಹಳ್ಳಿಯಿಂದ ದಾವಣಗೆರೆಗಿಂತ ಬಳ್ಳಾರಿ ಎರಡು ಪಟ್ಟಿಗೂ ಹೆಚ್ಚು ದೂರ. ಈಗಿನ ಜಿಲ್ಲಾ ಕೇಂದ್ರ ಹೊಸಪೇಟೆಯೂ ದಾವಣಗೆರೆಗಿಂತ ದೂರವೇ. ಹೀಗಾಗಿ ಕಚೇರಿ ಕೆಲಸಕ್ಕೆ ಒಂದು ದಿಕ್ಕು, ಮೆಕ್ಕೆಜೋಳ ಮಾರಲು ಮತ್ತು ದೊಡ್ಡ ಆಸ್ಪತ್ರೆಗೆ ಇನ್ನೊಂದು ದಿಕ್ಕು ಎಂಬ ಸ್ಥಿತಿ ಉಳಿದಿದೆ. ದಾವಣಗೆರೆಯ ಜಿಲ್ಲಾ ಆಸ್ಪತ್ರೆ ಇಂದಿಗೂ ಚಿಗಟೇರಿಯ ಹೆಸರನ್ನೇ ಹೊತ್ತಿರುವುದು ಈ ಎರಡು ಊರುಗಳ ನಂಟು ಜಿಲ್ಲೆಯ ಗಡಿಗಿಂತ ಹಳೆಯದೆಂಬುದನ್ನು ಹೇಳುತ್ತದೆ.

ಗಡಿ ಬದಲಾದಾಗ ಅಂಕಿಅಂಶಗಳ ಸರಣಿಯೂ ತುಂಡಾಗುತ್ತದೆ. ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿ 2002ರಲ್ಲಿ ಕೊಟ್ಟ ವರದಿ ಕರ್ನಾಟಕದಲ್ಲಿ ಪ್ರಾದೇಶಿಕ ಅರ್ಥಶಾಸ್ತ್ರದ ಅತಿ ಮುಖ್ಯ ದಾಖಲೆ. ಅದು ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನು ಘಟಕವಾಗಿ ತೆಗೆದುಕೊಂಡು, 35 ಸೂಚಕಗಳನ್ನು ಸೇರಿಸಿ ಒಂದು ಸಮಗ್ರ ಅಭಿವೃದ್ಧಿ ಸೂಚ್ಯಂಕ ರೂಪಿಸಿತು. ರಾಜ್ಯದ ಸರಾಸರಿಯನ್ನು 1 ಎಂದು ಹಿಡಿದು, 0.89ರಿಂದ 0.99ರವರೆಗಿನ 35 ತಾಲ್ಲೂಕುಗಳನ್ನು ಹಿಂದುಳಿದವು, 0.80ರಿಂದ 0.88ರವರೆಗಿನ 40 ತಾಲ್ಲೂಕುಗಳನ್ನು ಹೆಚ್ಚು ಹಿಂದುಳಿದವು, ಅದಕ್ಕೂ ಕೆಳಗಿನ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ವಿಂಗಡಿಸಿತು. ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವೆಂದು ಗೊತ್ತಾಯಿತು; ಎಂಟು ವರ್ಷಗಳಿಗೆ 31,000 ಕೋಟಿ ರೂಪಾಯಿಯ ವಿಶೇಷ ಯೋಜನೆ ಶಿಫಾರಸಾಯಿತು. ಹರಪನಹಳ್ಳಿ, ಕೂಡ್ಲಿಗಿ ಎರಡೂ ಕೊನೆಯ ಗುಂಪಿನಲ್ಲಿದ್ದವು. ದಾವಣಗೆರೆ ಜಿಲ್ಲೆಯ ಸರಾಸರಿಯನ್ನಷ್ಟೇ ನೋಡಿದ್ದರೆ ಹರಪನಹಳ್ಳಿಯ ಸ್ಥಿತಿ ಅದರೊಳಗೆ ಮುಚ್ಚಿಹೋಗುತ್ತಿತ್ತು. ತಾಲ್ಲೂಕಿಗೆ ಇಳಿದದ್ದರಿಂದಲೇ ಅದು ಕಂಡಿತು. ಆದರೆ ಆ ಪಟ್ಟಿಯಲ್ಲಿ ಕೊಟ್ಟೂರು ಎಂಬ ತಾಲ್ಲೂಕೇ ಇಲ್ಲ. ಈಗ ರಾಜ್ಯದಲ್ಲಿ ತಾಲ್ಲೂಕುಗಳ ಸಂಖ್ಯೆ 230ನ್ನು ದಾಟಿದೆ. 2024ರಲ್ಲಿ ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಹೊಸ ಸಮಿತಿ ರಚನೆಯಾದದ್ದಕ್ಕೆ ಈ ಬದಲಾವಣೆಗಳೂ ಹಿನ್ನೆಲೆ. ಹಳೆಯ ಕೂಡ್ಲಿಗಿಯ ಸೂಚ್ಯಂಕವನ್ನು ಹೊಸ ಕೂಡ್ಲಿಗಿ ಮತ್ತು ಕೊಟ್ಟೂರುಗಳಿಗೆ ಹೇಗೆ ಹಂಚಬೇಕು, ಹಂಚಬಹುದೇ, 35 ಸೂಚಕಗಳಲ್ಲಿ ಯಾವುದಕ್ಕೆ ಎಷ್ಟು ತೂಕ ಕೊಟ್ಟರೆ ತಾಲ್ಲೂಕಿನ ಸ್ಥಾನ ಎಷ್ಟು ಏರುಪೇರಾಗುತ್ತದೆ ಎಂಬ ಲೆಕ್ಕವನ್ನು ವಿದ್ಯಾರ್ಥಿಗಳೇ ಮಾಡಿದರೆ, ಸೂಚ್ಯಂಕ ಮನುಷ್ಯರು ಆಯ್ದು ಕಟ್ಟಿದ ಅಳತೆಗೋಲು ಎಂಬುದು ಅವರಿಗೆ ಮನದಟ್ಟಾಗುತ್ತದೆ. ಅದರ ಆಧಾರದಲ್ಲಿ ಸಾವಿರಾರು ಕೋಟಿ ಹಂಚಿಕೆಯಾಗುವುದರಿಂದ ಈ ಅರಿವು ಸಣ್ಣದಲ್ಲ.

ನಾಲ್ಕು ಹರಿವುಗಳು

ಈ ಸೀಮೆಯ ಆರ್ಥಿಕತೆಯನ್ನು ಕಲಿಸಲು ಮೊದಲು ಹಿಡಿಯಬೇಕಾದದ್ದು ಸರಕಿನ ಹರಿವು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯ ಈ ಖುಷ್ಕಿ ಪ್ರದೇಶದಲ್ಲಿ ಜೋಳ, ಶೇಂಗಾ, ಹತ್ತಿ, ಈರುಳ್ಳಿಗಳ ಜೊತೆಗೆ ಮೆಕ್ಕೆಜೋಳ ಈಗ ಮುಖ್ಯ ಬೆಳೆ. ಕಣದಲ್ಲೋ ರಸ್ತೆಯ ಅಂಚಿನಲ್ಲೋ ಒಣಗಿದ ಕಾಳು ಚೀಲಕ್ಕೆ ಸೇರಿ, ಲಾರಿಯಲ್ಲಿ ದಾವಣಗೆರೆಯ ಕೃಷಿ ಉತ್ಪನ್ನ ಮಾರುಕಟ್ಟೆಗೋ ಊರಿಗೇ ಬರುವ ವ್ಯಾಪಾರಿಯ ತಕ್ಕಡಿಗೋ ಹೋಗುತ್ತದೆ. ಅಲ್ಲಿಂದ ಕೋಳಿ ಆಹಾರ ಮತ್ತು ಪಿಷ್ಟದ ಕಾರ್ಖಾನೆಗಳಿಗೆ. ರೈತನ ಕೈಗೆ ಬರುವ ಲೆಕ್ಕದ ಪಟ್ಟಿಯನ್ನು ಒಮ್ಮೆ ತರಗತಿಯಲ್ಲಿ ಬಿಡಿಸಿ ಓದಿದರೆ ಸಾಕು: ಕ್ವಿಂಟಲ್ ದರ, ತೇವಾಂಶದ ಹೆಸರಿನ ಕಡಿತ, ಹಮಾಲಿ, ತೂಕದ ಖರ್ಚು, ಲಾರಿ ಬಾಡಿಗೆ, ಬಿತ್ತನೆಯ ಹೊತ್ತಿಗೆ ಅಂಗಡಿಯಿಂದ ತಂದ ಗೊಬ್ಬರ, ಬೀಜಗಳ ಬಾಕಿ. ದಲಾಲಿಯನ್ನು ಕೊಳ್ಳುವವರು ಕೊಡಬೇಕೆಂಬುದು ನಿಯಮ; ಪಟ್ಟಿಯಲ್ಲಿ ಅದು ಹಾಗೆಯೇ ಇದೆಯೇ ಎಂದು ನೋಡುವುದು ವಿದ್ಯಾರ್ಥಿಯ ಕೆಲಸ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಮೆಕ್ಕೆಜೋಳಕ್ಕೆ ಕ್ವಿಂಟಲ್‌ಗೆ 2,400 ರೂಪಾಯಿ ಬೆಂಬಲ ಬೆಲೆ ಪ್ರಕಟಿಸಿದ್ದರೂ ಸುಗ್ಗಿಯಲ್ಲಿ ಪೇಟೆಯ ದರ ಅದಕ್ಕಿಂತ ಸಾಕಷ್ಟು ಕೆಳಗಿಳಿದು ರೈತರು ಬೀದಿಗಿಳಿದರು. ಸಾಲ ಕೊಟ್ಟವರಿಗೇ ಮಾಲು ಹಾಕಬೇಕಾದ ರೈತನಿಗೆ ಬೆಲೆ ಏರುವವರೆಗೆ ಕಾಯುವ ಶಕ್ತಿ ಇರುವುದಿಲ್ಲ ಎಂಬ ಸಂಗತಿ, ಪೇಟೆಯ ಸ್ಪರ್ಧೆಯ ಕುರಿತ ಪಠ್ಯದ ಅಧ್ಯಾಯವನ್ನು ಮರುಪರೀಕ್ಷೆ ಮಾಡಿಸುತ್ತದೆ. ತ್ಯೂನೆನ್‌ನ ವರ್ತುಲಗಳಿಗೂ ಇಲ್ಲಿ ಪರೀಕ್ಷೆಯಿದೆ. ಭೌಗೋಳಿಕ ಸೂಚಿಕೆ ಪಡೆದ ಹಡಗಲಿ ಮಲ್ಲಿಗೆ ಅದೇ ದಿನ ಪೇಟೆ ಮುಟ್ಟದಿದ್ದರೆ ಬೆಲೆ ಕಳೆದುಕೊಳ್ಳುತ್ತದೆ. ಕೂಡ್ಲಿಗಿಯ ಹುಣಸೆ ತಿಂಗಳುಗಟ್ಟಲೆ ಕಾಯಬಲ್ಲದು. ಆದರೂ ಮಲ್ಲಿಗೆ ದೊಡ್ಡ ನಗರದ ಅಂಚಿನಲ್ಲಿ ಬೆಳೆಯದೆ ಹಡಗಲಿಯಲ್ಲಿ ನೆಲೆನಿಂತದ್ದೇಕೆ? ಬಾವಿಯ ನೀರು, ಮೊಗ್ಗು ಬಿಡಿಸುವ ಮನೆಮಂದಿಯ ದುಡಿಮೆ, ತಲೆಮಾರುಗಳ ಕೈಚಳಕ, ಬಸ್ಸಿನ ವೇಳೆ ಎಲ್ಲವೂ ಉತ್ತರದಲ್ಲಿ ಸೇರುತ್ತವೆ. ಹೊಸಪೇಟೆ, ಕೊಟ್ಟೂರು, ಹರಪನಹಳ್ಳಿ, ಹರಿಹರಗಳನ್ನು ಜೋಡಿಸುವ ರೈಲು ದಶಕಗಳ ಬೇಡಿಕೆಯ ನಂತರ 2019ರಲ್ಲಿ ಓಡತೊಡಗಿತು. ಸಾಗಾಣಿಕೆ ವೆಚ್ಚ ಇಳಿದಾಗ ಸಣ್ಣ ಪೇಟೆ ಬೆಳೆಯುತ್ತದೆಯೋ ದೊಡ್ಡ ಪೇಟೆ ಅದನ್ನು ನುಂಗುತ್ತದೆಯೋ ಎಂಬ ಕ್ರುಗ್ಮನ್‌ನ ಪ್ರಶ್ನೆಯನ್ನು ಕೊಟ್ಟೂರಿನ ಅಂಗಡಿಬೀದಿಯಲ್ಲೇ ಕೇಳಬಹುದು.

ಎರಡನೆಯದು ದುಡಿಮೆಯ ಹರಿವು. ಸುಗ್ಗಿ ಮುಗಿದ ಮೇಲೆ ಈ ತಾಲ್ಲೂಕುಗಳ ತಾಂಡಾಗಳಿಂದ ಮತ್ತು ಹಳ್ಳಿಗಳಿಂದ ಕುಟುಂಬಗಳು ಮಲೆನಾಡಿನ ಕಾಫಿ ತೋಟಗಳಿಗೆ, ಮಂಡ್ಯದ ಕಬ್ಬಿನ ಗದ್ದೆಗಳಿಗೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ. ಮೇಸ್ತ್ರಿ ಕೊಟ್ಟ ಮುಂಗಡವೇ ಎಷ್ಟೋ ಬಾರಿ ಹೊರಡುವ ದಿನವನ್ನೂ ಕೂಲಿಯ ದರವನ್ನೂ ತೀರ್ಮಾನಿಸುತ್ತದೆ. ಮಿರ್ಡಾಲ್ ಹೇಳಿದ ಸೆಳೆತಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಇದರೊಂದಿಗೆ ಅಳತೆಯ ಪಾಠವೂ ಇದೆ. 2011ರ ಜನಗಣತಿಯ ಎಣಿಕೆ ಫೆಬ್ರವರಿಯಲ್ಲಿ ನಡೆಯಿತು; ಅದು ಗುಳೆಯ ಕಾಲ. ಎಣಿಕೆಯ ಅವಧಿಯುದ್ದಕ್ಕೂ ಊರಿನಲ್ಲಿರದವರು ಇದ್ದ ಕಡೆ ಎಣಿಕೆಯಾಗಬೇಕು, ಇಲ್ಲವೇ ಬಿಟ್ಟುಹೋಗಬೇಕು. ಹೀಗಿರುವಾಗ ತಾಂಡಾದ ಜನಸಂಖ್ಯೆ, ದುಡಿಯುವವರ ಪ್ರಮಾಣ, ಶಾಲೆಯ ಹಾಜರಾತಿ ಈ ಮೂರನ್ನೂ ಎದುರುಬದುರು ಇಟ್ಟು ನೋಡಿದಾಗ ಮಾತ್ರ ನಿಜ ಸ್ಥಿತಿ ತಿಳಿಯುತ್ತದೆ.

ಮೂರನೆಯದು ನೀರು. 1945ರಲ್ಲಿ ಅಡಿಗಲ್ಲು ಬಿದ್ದು 1953ರಲ್ಲಿ ನೀರು ಹರಿಸಿದ ತುಂಗಭದ್ರಾ ಜಲಾಶಯದ ಹಿನ್ನೀರಿನಲ್ಲಿ ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯ ಹಳ್ಳಿಗಳು, ಹೊಲಗಳು ಮುಳುಗಿದವು. ನಾಲೆಯ ನೀರು ಉಂಡದ್ದು ಕೆಳಗಿನ ಗಂಗಾವತಿ, ಸಿರುಗುಪ್ಪ ಕಡೆಯ ಭತ್ತದ ಗದ್ದೆಗಳು. ಯೋಜನೆಯ ಒಟ್ಟು ಲಾಭ ಒಟ್ಟು ವೆಚ್ಚಕ್ಕಿಂತ ಹೆಚ್ಚಿರಬಹುದು, ಆದರೆ ಲಾಭವಾದ ತಾಲ್ಲೂಕು ಬೇರೆ, ನಷ್ಟವಾದ ತಾಲ್ಲೂಕು ಬೇರೆ. ಲಾಭವೆಚ್ಚದ ವಿಶ್ಲೇಷಣೆಯನ್ನು ಕಲಿಸುವಾಗ ‘ಯಾರಿಗೆ, ಎಲ್ಲಿ’ ಎಂಬ ಪ್ರಶ್ನೆಯನ್ನು ಸೇರಿಸಬೇಕಾದ ಅಗತ್ಯ ಇದರಿಂದ ಸ್ಪಷ್ಟವಾಗುತ್ತದೆ. ದಶಕಗಳ ನಂತರ ಬಂದ ಸಿಂಗಟಾಲೂರು ಏತ ನೀರಾವರಿ, ನದಿಯಿಂದ ಕೆರೆ ತುಂಬಿಸುವ ಯೋಜನೆಗಳು ಈ ಬಾಕಿಯನ್ನು ಎಷ್ಟು ತೀರಿಸಿವೆ ಎಂಬುದನ್ನು ಕೆರೆಯ ಅಚ್ಚುಕಟ್ಟಿನ ಹೊಲಗಳಲ್ಲಿ, ಕೊಳವೆಬಾವಿಗಳ ಆಳದಲ್ಲಿ ಅಳೆಯಬೇಕು. ಮಾಲವಿ ಜಲಾಶಯ ಮತ್ತು 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಅಂಕಸಮುದ್ರ ಕೆರೆಗಳ ಸುತ್ತ ಬೇಸಾಯ, ಮೀನು, ಪಕ್ಷಿಸಂಕುಲಗಳ ಹಕ್ಕುಗಳು ಒಂದಕ್ಕೊಂದು ತಾಗುವ ಬಗೆಯೂ ಪಾಠಕ್ಕೆ ಅರ್ಹ.

ನಾಲ್ಕನೆಯದು ಹಣ. 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಸಂದಾಯವಾಗುತ್ತದೆ. ಅದು ಊರಿನ ದಿನಸಿ ಅಂಗಡಿಯಲ್ಲಿ ಖರ್ಚಾದರೆ ಅಂಗಡಿಯವನ ವರಮಾನ. ಅಂಗಡಿಯವನು ಮಾಲು ತರುವುದು ದಾವಣಗೆರೆಯಿಂದಾದರೆ ಅದರ ಬಹುಪಾಲು ಅಲ್ಲಿಗೆ ಹೋಗುತ್ತದೆ. ಪ್ರತಿ ರೂಪಾಯಿಯಲ್ಲಿ 40 ಪೈಸೆ ಸೀಮೆಯೊಳಗೇ ಮತ್ತೆ ಖರ್ಚಾಗುತ್ತದೆ ಎಂದಿಟ್ಟುಕೊಂಡರೆ ಗುಣಕ, ಅಂದರೆ ಹೊರಗಿನಿಂದ ಬಂದ ಒಂದು ರೂಪಾಯಿಯಿಂದ ಸೀಮೆಯಲ್ಲಿ ಒಟ್ಟು ಹುಟ್ಟುವ ವರಮಾನ, ಸುಮಾರು 1.67, 20 ಪೈಸೆಯಾದರೆ 1.25. ಈ ಸರಳ ಲೆಕ್ಕದಿಂದಲೇ, ಹೊರಗಿನಿಂದ ಬರುವ ಹಣದಷ್ಟೇ ಅದು ಎಷ್ಟು ಬೇಗ ಸೋರಿಹೋಗುತ್ತದೆ ಎಂಬುದೂ ಮುಖ್ಯವೆಂದು ವಿದ್ಯಾರ್ಥಿ ಕಾಣುತ್ತಾನೆ. ಕೊಟ್ಟೂರು ಗುರುಬಸವೇಶ್ವರ ಸ್ವಾಮಿಯ ತೇರು, ಮೈಲಾರದ ಜಾತ್ರೆ, ಚಿಗಟೇರಿ ನಾರದಮುನಿಯ ರಥೋತ್ಸವಗಳಲ್ಲಿ ಕೆಲವು ದಿನಗಳ ಮಟ್ಟಿಗೆ ಹರಿದುಬರುವ ಹಣಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ. ಬ್ಯಾಂಕಿನ ಶಾಖೆಯಲ್ಲಿ ಸೇರುವ ಠೇವಣಿಗೂ ಅಲ್ಲೇ ಕೊಡುವ ಸಾಲಕ್ಕೂ ಇರುವ ಅನುಪಾತ ಈ ಸೋರಿಕೆಯ ಇನ್ನೊಂದು ಮುಖ.

ಆಕ್ಷೇಪಗಳು ಮತ್ತು ಉತ್ತರ

ಈ ಕ್ರಮಕ್ಕೆ ಎದುರಾಗುವ ಮೊದಲ ಆಕ್ಷೇಪವೆಂದರೆ ಇದು ಸಂಕುಚಿತ, ಪದವೀಧರ ನಾಳೆ ಬೆಂಗಳೂರಿಗೋ ಪುಣೆಗೋ ಹೋದಾಗ ಚಿಗಟೇರಿಯ ಸಂತೆಯ ಜ್ಞಾನದಿಂದ ಏನು ಪ್ರಯೋಜನ ಎಂಬುದು. ವಿದ್ಯಾರ್ಥಿ ಇಲ್ಲಿ ಕಲಿಯುವುದು ಸಂತೆಯ ದರಗಳನ್ನಷ್ಟೇ ಅಲ್ಲ, ಹರಿವನ್ನು ಗುರುತಿಸಿ, ಎಣಿಸಿ, ಸಿದ್ಧಾಂತಕ್ಕೆ ಹೊಂದಿಸಿ ನೋಡುವ ವಿಧಾನವನ್ನು. ಅದು ಹೋದ ಕಡೆಗೆಲ್ಲ ಜೊತೆಗೆ ಬರುತ್ತದೆ. ತ್ಯೂನೆನ್ ತನ್ನ ಹೊಲದ ಲೆಕ್ಕದಿಂದ ಕಲಿತದ್ದನ್ನು ಇಡೀ ಜಗತ್ತು ಓದುತ್ತಿರುವುದೇ ಇದಕ್ಕೆ ಉತ್ತರ. ಎರಡನೆಯ ಆಕ್ಷೇಪ ಸ್ಪರ್ಧಾತ್ಮಕ ಪರೀಕ್ಷೆಗಳ ಕಡೆಯಿಂದ ಬರುತ್ತದೆ. ಅಲ್ಲಿ ಕೇಳುವುದು ವ್ಯಾಖ್ಯೆ ಮತ್ತು ಅಂಕಿಗಳನ್ನು ಎಂಬುದು ನಿಜ. ಆದರೆ ಈ ಸೀಮೆಯ ಪದವೀಧರರಲ್ಲಿ ಹಲವರು ಸೇರುವ ಪಂಚಾಯಿತಿ, ಬ್ಯಾಂಕು, ಸಹಕಾರ ಸಂಘ, ಕಂದಾಯ ಇಲಾಖೆಗಳ ಕೆಲಸವೆಲ್ಲ ಸ್ಥಳೀಯ ಆರ್ಥಿಕತೆಯದೇ. ‘ನಮ್ಮ ಗ್ರಾಮ ನಮ್ಮ ಯೋಜನೆ’ಯಡಿ ಪ್ರತಿ ಗ್ರಾಮ ಪಂಚಾಯಿತಿಯೂ ಅಭಿವೃದ್ಧಿ ಯೋಜನೆ ಬರೆಯಬೇಕಾದ ಕಾಲದಲ್ಲಿ, ಊರಿನ ಲೆಕ್ಕ ಓದಬಲ್ಲವರ ಕೊರತೆಯೇ ದೊಡ್ಡ ಅಡಚಣೆ. 371(ಜೆ) ವಿಧಿಯನ್ವಯ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70ರಷ್ಟು ಸೀಟುಗಳು ಸ್ಥಳೀಯರಿಗೆ ಮೀಸಲು. ಸೀಟು ಸ್ಥಳೀಯರದಾಗಿ ಪಾಠ ಮಾತ್ರ ಎಲ್ಲಿಯದೋ ಆಗಿದ್ದರೆ ಆ ವಿಧಿಯ ಆಶಯ ಅರ್ಧವಷ್ಟೇ ಈಡೇರುತ್ತದೆ.

ಮೂರನೆಯದಾಗಿ, ಹೋಬಳಿ ಮಟ್ಟದಲ್ಲಿ ನಂಬಬಹುದಾದ ಅಂಕಿಅಂಶಗಳೇ ಇಲ್ಲ ಎನ್ನುತ್ತಾರೆ. ಇರುವುದನ್ನು ಎಣಿಸಿದರೆ ಈ ಮಾತು ಸಡಿಲಾಗುತ್ತದೆ. ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ‘ಜಿಲ್ಲಾ ಅಂಕಿಅಂಶಗಳ ನೋಟ’, ಜನಗಣತಿಯ ಗ್ರಾಮವಾರು ಕೈಪಿಡಿ, ಭೂಮಿ ಯೋಜನೆಯ ಪಹಣಿಗಳು, ಉದ್ಯೋಗ ಖಾತರಿಯಡಿ ಪಂಚಾಯಿತಿವಾರು ದಾಖಲಾದ ಹಾಜರಾತಿ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು, ಮಾರುಕಟ್ಟೆ ಸಮಿತಿಯ ದಿನದ ಆವಕ ಮತ್ತು ದರ, ರೈತ ಸಂಪರ್ಕ ಕೇಂದ್ರದ ಬಿತ್ತನೆ ವಿವರ ಎಲ್ಲವೂ ಇವೆ. ಹಿಂದಿನ ಕಾಲಕ್ಕೆ ಜಾನ್ ಕೆಲ್ಸಾಲ್‌ನ 1872ರ ಬಳ್ಳಾರಿ ಕೈಪಿಡಿ, ಡಬ್ಲ್ಯು. ಫ್ರಾನ್ಸಿಸ್‌ನ 1904ರ ಗೆಜೆಟಿಯರ್, 1876-78ರ ಧಾತು ಈಶ್ವರ ಬರದ ದಾಖಲೆಗಳಿವೆ. ಇವು ಒಂದಕ್ಕೊಂದು ಹೊಂದದಿರುವ ಜಾಗಗಳು ಬೋಧನೆಗೆ ಅಡ್ಡಿಯಲ್ಲ. ಪಹಣಿಯಲ್ಲಿ ಬರೆದ ಬೆಳೆಯೂ ಹೊಲದಲ್ಲಿರುವ ಬೆಳೆಯೂ ಏಕೆ ಬೇರೆ ಎಂದು ವಿಚಾರಿಸುವುದೇ ಸಂಶೋಧನೆಯ ಮೊದಲ ಮೆಟ್ಟಿಲು. ನಾಲ್ಕನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು. ಸರ್ಕಾರಿ ಪದವಿ ಕಾಲೇಜುಗಳು ಬಹುಮಟ್ಟಿಗೆ ಅತಿಥಿ ಉಪನ್ಯಾಸಕರ ಮೇಲೆ ನಡೆಯುತ್ತಿವೆ. ರಾಜ್ಯದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಪದವಿಯ ಚೌಕಟ್ಟು 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ತಿರುಗಿತು. ಪಠ್ಯ ಪದೇಪದೇ ಬದಲಾಗುವಾಗ ಕ್ಷೇತ್ರಕಾರ್ಯಕ್ಕೆ ಸಮಯವೆಲ್ಲಿ? ಈ ಕಷ್ಟವನ್ನು ಅಲ್ಲಗಳೆಯಲಾಗದು. ಅದಕ್ಕೆ ಪರಿಹಾರ ಕೆಲಸವನ್ನು ಸಣ್ಣದಾಗಿಸಿ ಮುಂದುವರಿಸುವುದು. ಒಂದು ತಂಡ ಒಂದು ವರ್ಷ ಒಂದೇ ಹರಿವನ್ನು ಒಂದೇ ಪಂಚಾಯಿತಿಯಲ್ಲಿ ಅಳೆದು, ಅದೇ ಪ್ರಶ್ನಾವಳಿಯನ್ನು ಮುಂದಿನ ತಂಡಕ್ಕೆ ಒಪ್ಪಿಸಿದರೆ ಹತ್ತು ವರ್ಷದಲ್ಲಿ ಹೋಬಳಿಯ ಚಿತ್ರ ಸಿದ್ಧವಾಗುತ್ತದೆ. ಸ್ಲೇಟರ್ ತಮ್ಮ ಕಾಲದಲ್ಲಿ ನೆಚ್ಚಿಕೊಂಡದ್ದೂ ವಿದ್ಯಾರ್ಥಿಗಳ ರಜೆ ಮತ್ತು ಒಂದು ಪ್ರಶ್ನಾವಳಿಯನ್ನೇ.

ಕೊನೆಯ ಆಕ್ಷೇಪ, ಈ ಬಗೆಯ ಪಾಠ ಹಿಂದುಳಿದ ಪ್ರದೇಶವೆಂಬ ಕೊರಗನ್ನು ಬೆಳೆಸಿ ರಾಜಕೀಯ ಬೇಡಿಕೆಗಳ ಪಟ್ಟಿಯಾಗಿ ಮುಗಿಯುತ್ತದೆ ಎಂಬುದು. ಅಳತೆಯಿಲ್ಲದ ಕಡೆ ಹಾಗಾಗುವ ಅಪಾಯ ಖಂಡಿತ ಇದೆ. ಆದರೆ ಅಳತೆ ತಾಲ್ಲೂಕಿನ ಗಡಿಯಲ್ಲಿ ನಿಲ್ಲದೆ ಒಳಕ್ಕೂ ಇಳಿಯಬೇಕು. ಹೋಬಳಿ ಕೇಂದ್ರಕ್ಕೂ ಅದರ ತಾಂಡಾಗಳಿಗೂ, ನೀರಾವರಿ ಜಮೀನಿನವರಿಗೂ ಖುಷ್ಕಿಯವರಿಗೂ, ಗಂಡಾಳಿನ ಕೂಲಿಗೂ ಹೆಣ್ಣಾಳಿನ ಕೂಲಿಗೂ ಇರುವ ಅಂತರವನ್ನು ಅಳೆದ ವಿದ್ಯಾರ್ಥಿಗೆ ಅನ್ಯಾಯವೆಲ್ಲ ಹೊರಗಿನಿಂದಲೇ ಬಂತೆಂಬ ಸುಲಭ ತೀರ್ಮಾನ ಒಪ್ಪಿಗೆಯಾಗದು. ಎಪ್‌ಸ್ಟೈನ್ ಕಂಡಂತೆ ಒಣಸೀಮೆಯ ಜನ ಹೊಸ ದಾರಿಗಳನ್ನು ತಾವೇ ಕಂಡುಕೊಳ್ಳುವುದೂ ಉಂಟು. ಕೊರತೆಯಷ್ಟೇ ಶ್ರದ್ಧೆಯಿಂದ ಆ ದಾರಿಗಳನ್ನೂ ದಾಖಲಿಸಬೇಕು.

ಆದ್ದರಿಂದ ಈ ಸೀಮೆಗೆ ಸೇವೆ ಸಲ್ಲಿಸುವ ಅರ್ಥಶಾಸ್ತ್ರ ವಿಭಾಗಗಳು ಮಾಡಬೇಕಾದ ಕೆಲಸ ಸ್ಪಷ್ಟವಾಗಿದೆ. ಪ್ರತಿ ಕಾಲೇಜೂ ತನಗೆ ಹತ್ತಿರದ ಒಂದು ಹೋಬಳಿಯನ್ನು ಆಯ್ದುಕೊಳ್ಳಲಿ. ಸರಕು, ದುಡಿಮೆ, ನೀರು, ಹಣ ಈ ನಾಲ್ಕು ಹರಿವುಗಳನ್ನು ವರ್ಷವರ್ಷವೂ ಒಂದೇ ರೀತಿಯಲ್ಲಿ ಅಳೆಯಲಿ. ವರದಿಯನ್ನು ಕನ್ನಡದಲ್ಲಿ ಬರೆದು ಒಂದು ಪ್ರತಿಯನ್ನು ಗ್ರಂಥಾಲಯಕ್ಕೆ, ಒಂದನ್ನು ಗ್ರಾಮ ಪಂಚಾಯಿತಿಗೆ ಕೊಡಲಿ. ಅದಕ್ಕೆ ಪರೀಕ್ಷೆಯ ಅಂಕಗಳಲ್ಲಿ ತಕ್ಕ ಪಾಲಿರಲಿ. ಸರ್ಕಾರ ಮುಂದೆ ಜಿಲ್ಲೆಯ ಗಡಿಯನ್ನು ಮತ್ತೆ ಬದಲಿಸಿದರೂ ಹೋಬಳಿಯ ಈ ಲೆಕ್ಕದ ಸರಣಿ ತುಂಡಾಗದೆ ಉಳಿಯುತ್ತದೆ, ಮುಂದಿನ ಸಮಿತಿಯ ಸೂಚ್ಯಂಕಕ್ಕೆ ಆಧಾರವೂ ಆಗುತ್ತದೆ. ತನ್ನ ಹೋಬಳಿಯ ವರಮಾನ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಲೆಕ್ಕ ಸಮೇತ ಹೇಳಲಾರದ ಪದವೀಧರನ ಪ್ರಾದೇಶಿಕ ಅರ್ಥಶಾಸ್ತ್ರದ ಶಿಕ್ಷಣ ಪೂರ್ಣವಾಗಿಲ್ಲ.